ಒಂದನೇ ಮುಹಮ್ಮದ್ ಶಾ ಬಹಮನಿ

ಒಂದನೇ ಮುಹಮ್ಮದ್ ಶಾ (ಆಳ್ವಿಕೆ: 1358–1375) ದಖ್ಖನಿನ ಬಹಮನಿ ರಾಜ್ಯದ ಎರಡನೆಯ ಸುಲ್ತಾನ. ರಾಜ್ಯದ ಸ್ಥಾಪಕ ಅಲಾವುದ್ದೀನ್ ಹಸನ್ ಬಹಮನ್ ಶಾನ ಹಿರಿಯ ಮಗನಾದ ಈತನು ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಆಳಿದನು. ರಾಜ್ಯವನ್ನು ನಾಲ್ಕು ಪ್ರಾಂತ್ಯಗಳಾಗಿ ವಿಂಗಡಿಸಿದ್ದು, ಕಲಬುರಗಿ ಕೋಟೆಯ ಜಾಮಿ ಮಸೀದಿಯ ನಿರ್ಮಾಣ, ತೆಲಂಗಾಣ ಹಾಗೂ ವಿಜಯನಗರಗಳೊಡನೆ ನಡೆಸಿದ ಯುದ್ಧಗಳು ಈತನ ಕಾಲದ ಪ್ರಮುಖ ಘಟನೆಗಳು. ತನ್ನ ನಾಣ್ಯಗಳೇ ರಾಜ್ಯದಲ್ಲಿ ಚಲಾವಣೆಯಾಗಬೇಕೆಂದು ಈತನು ಕೈಗೊಂಡ ಕಠಿಣ ಕ್ರಮಗಳಿಂದಾಗಿ ದಖ್ಖನಿನ ನಾಣ್ಯಗಳ ಇತಿಹಾಸದಲ್ಲಿಯೂ ಈತನ ಹೆಸರು ಉಳಿದಿದೆ.

ಹಿನ್ನೆಲೆ

ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಖ್ಖನಿನ ಅಮೀರರು ದಂಗೆಯೆದ್ದುದರ ಫಲವಾಗಿ 1347ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಯಾಯಿತು. 1358ರಲ್ಲಿ ತಂದೆಯು ಮರಣ ಹೊಂದಿದ ನಂತರ ಮುಹಮ್ಮದ್ ಶಾ ಸಿಂಹಾಸನವನ್ನೇರಿದನು. ಆಗ ರಾಜ್ಯಕ್ಕೆ ಕೇವಲ 11 ವರ್ಷ ತುಂಬಿತ್ತು. ದಕ್ಷಿಣದಲ್ಲಿ ವಿಜಯನಗರದ ಒಂದನೇ ಬುಕ್ಕರಾಯನೂ ಪೂರ್ವದಲ್ಲಿ ವರಂಗಲ್ಲಿನ ಕಾಪಯ ನಾಯಕನೂ ಪ್ರಬಲರಾಗಿದ್ದರು. ತಂದೆಯ ಕಾಲದ ವಜೀರನಾಗಿದ್ದ ಸೈಫುದ್ದೀನ್ ಘೋರಿಯು ಹೊಸ ಸುಲ್ತಾನನಿಗೂ ಮುಖ್ಯ ಸಲಹೆಗಾರನಾಗಿ ಮುಂದುವರಿದನು.

ಆಡಳಿತ

ಮುಹಮ್ಮದ್ ಶಾ ರಾಜ್ಯವನ್ನು ಕಲಬುರಗಿ, ದೌಲತಾಬಾದ್, ಬೀದರ್ ಮತ್ತು ಬೇರಾರ್ ಎಂಬ ನಾಲ್ಕು ತರಫ್‌ಗಳ ಆಡಳಿತಕ್ಕೆ ಒಳಪಡಿಸಿದನು. ಪ್ರತಿಯೊಂದು ತರಫ್‌ಗೂ ಒಬ್ಬ ತರಫ್‌ದಾರನಿದ್ದನು. ಕಂದಾಯ ವಸೂಲಿ, ಸೈನ್ಯದ ನಿರ್ವಹಣೆ ಮತ್ತು ಅಧಿಕಾರಿಗಳ ನೇಮಕ ಅವನ ಹೊಣೆಯಾಗಿತ್ತು. ಬೀದರ್ ತರಫ್‌ನಲ್ಲಿ ಬೀದರ್, ಕಂಧಾರ್, ಇಂದೂರು, ಕೌಲಾಸ್ ಮತ್ತು ತೆಲಂಗಾಣದ ಕೆಲವು ಭಾಗಗಳು ಸೇರಿದ್ದವು. ಇಂದಿನ ಬೀದರ್ ಜಿಲ್ಲೆಯ ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳು ಬೀದರ್‌ಗೂ ಉತ್ತರದ ಕಂಧಾರ್‌ಗೂ ನಡುವಣ ಪ್ರದೇಶದಲ್ಲಿವೆ.

ನಾಣ್ಯ ವ್ಯವಸ್ಥೆ

ಸುಲ್ತಾನನ ಹೆಸರಿನಲ್ಲಿ ಖುತ್ಬಾ ಓದಿಸುವುದು ಹಾಗೂ ನಾಣ್ಯ ಅಚ್ಚು ಹಾಕಿಸುವುದು ಅಂದು ಸ್ವತಂತ್ರ ಆಳ್ವಿಕೆಯ ಎರಡು ಲಕ್ಷಣಗಳೆಂದು ಪರಿಗಣಿತವಾಗಿದ್ದವು. ಆದ್ದರಿಂದ ನಾಣ್ಯದ ಚಲಾವಣೆಯು ಮುಹಮ್ಮದ್ ಶಾನಿಗೆ ವ್ಯಾಪಾರದ ವಿಷಯವಷ್ಟೇ ಆಗಿರಲಿಲ್ಲ. ಅದು ಅಧಿಕಾರದ ವಿಷಯವೂ ಆಗಿತ್ತು. ಈತನ ಚಿನ್ನ ಮತ್ತು ಬೆಳ್ಳಿಯ ನಾಣ್ಯಗಳು ಇಂದಿಗೂ ದೊರೆಯುತ್ತವೆ. ಬೆಳ್ಳಿಯ ಟಂಕವು ಸುಮಾರು 11 ಗ್ರಾಂ ತೂಗುತ್ತಿತ್ತು. ಅದರ ಮೇಲೆ ಅರಬ್ಬಿ ಲಿಪಿಯಲ್ಲಿ ಸುಲ್ತಾನನ ಹೆಸರು ಹಾಗೂ ಬಿರುದುಗಳಿದ್ದವು. ಕಲಬುರಗಿಯ ಟಂಕಸಾಲೆಯನ್ನು ನಾಣ್ಯಗಳಲ್ಲಿ ಅಹಸನಾಬಾದ್ ಎಂದು ಹೆಸರಿಸಲಾಗಿದೆ.

ದಖ್ಖನಿನ ಜನರಿಗೆ ಬೇರೆಯೇ ನಾಣ್ಯದ ರೂಢಿಯಿತ್ತು. ಸುಮಾರು 3.4 ಗ್ರಾಂ ತೂಕದ ಚಿನ್ನದ ಹೊನ್ನು ಅಥವಾ ವರಹ ಮತ್ತು ಅದರ ಭಾಗಗಳಾದ ಚಿಕ್ಕ ನಾಣ್ಯಗಳು ಹಿಂದಿನ ಅರಸುಮನೆತನಗಳ ಕಾಲದಿಂದಲೂ ಬಳಕೆಯಲ್ಲಿದ್ದವು. ವಿಜಯನಗರವೂ ಅದೇ ಪದ್ಧತಿಯನ್ನು ಮುಂದುವರಿಸಿತು. ನಾಣ್ಯವನ್ನು ಒಪ್ಪಬೇಕೇ ಬೇಡವೇ ಎಂಬುದನ್ನು ಪೇಟೆಯಲ್ಲಿ ನಿರ್ಧರಿಸುತ್ತಿದ್ದವನು ಚಿನಿವಾರ. ಅವನು ನಾಣ್ಯವನ್ನು ತಕ್ಕಡಿಯಲ್ಲಿ ತೂಗಿ, ಒರೆಗಲ್ಲಿಗೆ ಉಜ್ಜಿ, ಗೆರೆಯ ಬಣ್ಣದಿಂದ ಚಿನ್ನದ ಅಪ್ಪಟತನವನ್ನು ಅಳೆದು ಬೆಲೆ ಕಟ್ಟುತ್ತಿದ್ದನು. ಇಂದು ನಾಣ್ಯ ಹಾಕಿ ಬಳಸುವ ಯಂತ್ರಗಳು ನಾಣ್ಯದ ಅಳತೆ, ತೂಕ ಮತ್ತು ಲೋಹವನ್ನು ಗುರುತಿಸಿ ಅದನ್ನು ಸ್ವೀಕರಿಸುತ್ತವೆ ಇಲ್ಲವೇ ಹೊರಹಾಕುತ್ತವೆ. ಅಂದು ಆ ಕೆಲಸ ಚಿನಿವಾರನ ಕಣ್ಣು ಮತ್ತು ಕೈಗಳದಾಗಿತ್ತು.

ಬಹಮನಿ ನಾಣ್ಯಗಳು ಈ ಪರೀಕ್ಷೆಯಲ್ಲಿ ಸೋಲಲಿಲ್ಲ. ಆದರೆ ಅವುಗಳ ಲೋಹದ ಶುದ್ಧತೆಯೇ ಅವುಗಳಿಗೆ ಮುಳುವಾಯಿತು. ಇತಿಹಾಸಕಾರ ಫೆರಿಷ್ತಾನ ಪ್ರಕಾರ, ವಿಜಯನಗರ ಮತ್ತು ತೆಲಂಗಾಣದ ಅರಸರ ಪ್ರೇರಣೆಯಿಂದ ಚಿನಿವಾರರೂ ಅಕ್ಕಸಾಲಿಗರೂ ಸುಲ್ತಾನನ ನಾಣ್ಯಗಳು ಕೈಗೆ ಬಂದೊಡನೆ ಅವುಗಳನ್ನು ಕರಗಿಸುತ್ತಿದ್ದರು. ಪೇಟೆಯಲ್ಲಿ ಹೊನ್ನು ಮಾತ್ರ ಉಳಿಯಿತು. ಸುಲ್ತಾನನು ಹಲವು ಬಾರಿ ಎಚ್ಚರಿಕೆ ನೀಡಿದರೂ ಕರಗಿಸುವುದು ನಿಲ್ಲಲಿಲ್ಲ. ಕೊನೆಗೆ 1360ರಲ್ಲಿ ಆತನ ಆಜ್ಞೆಯಂತೆ ರಾಜ್ಯದ ಊರೂರುಗಳಲ್ಲಿ ಈ ಆರೋಪಕ್ಕೆ ಗುರಿಯಾದ ಚಿನಿವಾರರನ್ನು ಕೊಲ್ಲಲಾಯಿತು. ಅವರ ಸ್ಥಾನಕ್ಕೆ, ದೆಹಲಿಯ ಸೈನ್ಯಗಳೊಡನೆ ಉತ್ತರದಿಂದ ಬಂದು ದಖ್ಖನಿನಲ್ಲಿ ನೆಲೆಸಿದ್ದ ಖತ್ರಿ ಮನೆತನದವರನ್ನು ನೇಮಿಸಲಾಯಿತು.

ಈ ವೃತ್ತಾಂತವನ್ನು ಓದುವಾಗ ಕೆಲವು ಅಂಶಗಳನ್ನು ಗಮನಿಸಬೇಕಾಗುತ್ತದೆ. ಫೆರಿಷ್ತಾ ತನ್ನ ಗ್ರಂಥವನ್ನು ಬಿಜಾಪುರದಲ್ಲಿ 17ನೇ ಶತಮಾನದ ಆರಂಭದಲ್ಲಿ, ಅಂದರೆ ಘಟನೆಯಾಗಿ ಸುಮಾರು 250 ವರ್ಷಗಳ ನಂತರ ಬರೆದನು. ಆತನು ವರ್ಣಿಸುವ ನಾಣ್ಯಗಳ ಬರಹವು ದೊರೆತಿರುವ ನಾಣ್ಯಗಳ ಬರಹಕ್ಕೆ ಪೂರ್ಣವಾಗಿ ಹೊಂದುವುದಿಲ್ಲ. ಕರಗಿಸಿದ್ದಕ್ಕೆ ಹೊರಗಿನ ಅರಸರ ಪ್ರೇರಣೆಯನ್ನೇ ಕಾರಣವೆಂದು ಹೇಳಬೇಕಾಗಿಲ್ಲ. ನಾಣ್ಯದ ಬೆಲೆಗಿಂತ ಅದರ ಲೋಹದ ಬೆಲೆ ಹೆಚ್ಚಾದಲ್ಲಿ ಅದು ಕರಗುಮೂಸೆಗೆ ಹೋಗುವುದು ಎಲ್ಲ ದೇಶಗಳಲ್ಲಿಯೂ ಕಂಡುಬಂದಿರುವ ಸಂಗತಿ. ಕೊಲ್ಲಲ್ಪಟ್ಟವರ ಕಡೆಯ ಬರಹಗಳು ಲಭ್ಯವಿಲ್ಲದಿರುವುದರಿಂದ ಘಟನೆಯ ಒಂದು ಮುಖ ಮಾತ್ರ ಇಂದು ತಿಳಿದಿದೆ.

ಯುದ್ಧಗಳು

ಕಾಪಯ ನಾಯಕನೊಡನೆ ನಡೆದ ಯುದ್ಧದ ಕೊನೆಯಲ್ಲಿ ಗೋಲ್ಕೊಂಡವು ಬಹಮನಿ ರಾಜ್ಯಕ್ಕೆ ಸೇರಿತು. ಮುಹಮ್ಮದ್ ಬಿನ್ ತುಘಲಕ್‌ನಿಗಾಗಿ ಮಾಡಿಸಿದ್ದ ಸಿಂಹಾಸನವೊಂದನ್ನು ಕಾಪಯ ನಾಯಕನು ಸುಲ್ತಾನನಿಗೆ ಕಾಣಿಕೆಯಾಗಿ ಕೊಟ್ಟನು. ತಖ್ತ್-ಎ-ಫಿರೋಜಾ ಎಂಬ ಹೆಸರಿನ ಇದು ಮುಂದಿನ ಬಹಮನಿ ಸುಲ್ತಾನರ ರಾಜಪೀಠವಾಯಿತು.

ವಿಜಯನಗರದೊಡನೆ 1366–67ರಲ್ಲಿ ನಡೆದ ಯುದ್ಧಕ್ಕೂ ಹಣವೇ ನೆಪವಾಯಿತೆಂದು ಫೆರಿಷ್ತಾ ಹೇಳುತ್ತಾನೆ. ಉತ್ಸವವೊಂದರಲ್ಲಿ ಹಾಡಿದ ಸಂಗೀತಗಾರರ ಸಂಭಾವನೆಯನ್ನು ವಿಜಯನಗರದ ಬೊಕ್ಕಸದಿಂದ ಕೊಡಬೇಕೆಂದು ಸುಲ್ತಾನನು ಪತ್ರ ಬರೆಸಿದನು. ಬುಕ್ಕರಾಯನು ಪತ್ರ ತಂದವನನ್ನು ಅವಮಾನಿಸಿ ಕಳುಹಿಸಿ, ತುಂಗಭದ್ರೆಯನ್ನು ದಾಟಿ ಮುದಗಲ್ ಕೋಟೆಯನ್ನು ವಶಪಡಿಸಿಕೊಂಡನು. ನಂತರದ ಯುದ್ಧದಲ್ಲಿ ಎರಡೂ ಕಡೆ ಅಪಾರ ಸಾವುನೋವು ಸಂಭವಿಸಿತು. ಯುದ್ಧದಲ್ಲಿ ಭಾಗವಹಿಸದ ಜನರನ್ನು ಕೊಲ್ಲಬಾರದೆಂಬ ಒಪ್ಪಂದದೊಂದಿಗೆ ಅದು ಮುಕ್ತಾಯವಾಯಿತು. ಇದೇ ಅವಧಿಯಲ್ಲಿ ದೌಲತಾಬಾದಿನ ಬಹ್ರಾಮ್ ಖಾನ್ ಮಾಜಂದರಾನಿಯು ಎಬ್ಬಿಸಿದ ದಂಗೆಯನ್ನೂ ಸುಲ್ತಾನನು ಅಡಗಿಸಿದನು.

ವಾಸ್ತುಶಿಲ್ಪ

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯು 1367ರಲ್ಲಿ ಪೂರ್ಣಗೊಂಡಿತು. ಇರಾನಿನ ಕಜ್ವೀನ್ ಮೂಲದ ರಫಿ ಎಂಬಾತ ಅದರ ಶಿಲ್ಪಿ. ನಡುವೆ ತೆರೆದ ಅಂಗಳವಿಲ್ಲದೆ ಪೂರ್ತಿ ಛಾವಣಿ ಹೊಂದಿರುವುದು ಈ ಮಸೀದಿಯ ವೈಶಿಷ್ಟ್ಯ.

ನಿಧನ ಮತ್ತು ನಂತರದ ಕಾಲ

ಮುಹಮ್ಮದ್ ಶಾ 1375ರಲ್ಲಿ ನಿಧನನಾದನು. ಆತನ ಮಗ ಮುಜಾಹಿದ್ ಶಾ ಪಟ್ಟಕ್ಕೆ ಬಂದನು. ನಾಲ್ಕು ತರಫ್‌ಗಳ ವ್ಯವಸ್ಥೆಯು ಒಂದು ಶತಮಾನದ ಕಾಲ ಉಳಿದು, ವಜೀರ ಮಹಮೂದ್ ಗವಾನನ ಕಾಲದಲ್ಲಿ ಎಂಟು ಪ್ರಾಂತ್ಯಗಳಾಗಿ ಮಾರ್ಪಟ್ಟಿತು. ಅಹ್ಮದ್ ಶಾನ ಆಳ್ವಿಕೆಯಲ್ಲಿ (1422–1436) ರಾಜಧಾನಿಯು ಬೀದರಿಗೆ ವರ್ಗವಾದಾಗ ಟಂಕಸಾಲೆಯೂ ಅಲ್ಲಿಗೆ ಬಂದಿತು. ಅಲ್ಲಿನ ನಾಣ್ಯಗಳ ಮೇಲೆ ಬೀದರಿನ ಹೊಸ ಹೆಸರಾದ ಮುಹಮ್ಮದಾಬಾದ್ ಕಾಣಿಸಿಕೊಂಡಿತು.

ಮುಹಮ್ಮದ್ ಶಾ ತಡೆಯಲು ಯತ್ನಿಸಿದ ಹೊನ್ನು ಮಾತ್ರ ಕಣ್ಮರೆಯಾಗಲಿಲ್ಲ. ವಿಜಯನಗರದ ವರಹಗಳು ದಖ್ಖನಿನ ವ್ಯಾಪಾರದಲ್ಲಿ ಮುಂದುವರಿದವು. ಬಹಮನಿ ರಾಜ್ಯವು 16ನೇ ಶತಮಾನದಲ್ಲಿ ಕೊನೆಗೊಂಡ ನಂತರವೂ ಚಿನಿವಾರರ ತಕ್ಕಡಿಗಳಲ್ಲಿ ಅವು ತೂಗುತ್ತಿದ್ದವು.