ಬುಲೆಟ್ ಬಾಬ್ ಹೇಯ್ಸ್: ವೇಗದ ಬದುಕು, ತಡವಾದ ಮನ್ನಣೆ

ಒಲಿಂಪಿಕ್ಸ್ ಚಿನ್ನದ ಪದಕ ಹಾಗೂ ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಉಂಗುರ ಎರಡನ್ನೂ ಪಡೆದ ಏಕೈಕ ಕ್ರೀಡಾಪಟು ಎಂಬ ಹಿರಿಮೆ ಬಾಬ್ ಹೇಯ್ಸ್ ಅವರದು. ಜಗತ್ತಿನ ಅತಿ ವೇಗದ ಮನುಷ್ಯನೆಂದು ಹೆಸರಾಗಿದ್ದ ಅವರಿಗೆ ತಮ್ಮ ಆಟದ ಅತ್ಯುನ್ನತ ಗೌರವ ದೊರೆತದ್ದು ಮಾತ್ರ ನಿಧನದ ಏಳು ವರ್ಷಗಳ ನಂತರ.

ರಾಬರ್ಟ್ ಲೀ ಹೇಯ್ಸ್ 1942ರ ಡಿಸೆಂಬರ್ 20ರಂದು ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಜನಿಸಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ವರ್ಣೀಯರ ಮಕ್ಕಳು ಪ್ರತ್ಯೇಕ ಶಾಲೆಗಳಲ್ಲಿ ಓದಬೇಕಿದ್ದ ಕಾಲವದು. ಕಪ್ಪು ವರ್ಣೀಯರಿಗಾಗಿಯೇ ಸ್ಥಾಪನೆಯಾಗಿದ್ದ ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯವನ್ನು ಸೇರಿದ ಹೇಯ್ಸ್, ಅಲ್ಲಿ ತರಬೇತುದಾರ ಜೇಕ್ ಗೇದರ್ ಅವರ ಗರಡಿಯಲ್ಲಿ ಪಳಗಿದರು. 1963ರಲ್ಲಿ 100 ಗಜಗಳ ದೂರವನ್ನು 9.1 ಸೆಕೆಂಡುಗಳಲ್ಲಿ ಕ್ರಮಿಸಿ ವಿಶ್ವದಾಖಲೆ ಸ್ಥಾಪಿಸಿದರು.

ಮರುವರ್ಷ ಟೋಕಿಯೊ ಒಲಿಂಪಿಕ್ಸ್. ಕೋಲಾರದಲ್ಲಿ ಜನಿಸಿದ ಕೆನೆತ್ ಪೊವೆಲ್ ಭಾರತದ ರಿಲೇ ತಂಡದಲ್ಲಿ ಓಡಿದ ಕೂಟವದು. 100 ಮೀಟರ್ ಫೈನಲ್‌ನಲ್ಲಿ ಹೇಯ್ಸ್ ಪಾಲಿಗೆ ಬಂದದ್ದು ನಡಿಗೆ ಸ್ಪರ್ಧಿಗಳ ತುಳಿತದಿಂದ ಹದಗೆಟ್ಟಿದ್ದ ಒಂದನೇ ಲೇನ್. ಆದರೂ 10.0 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. 4x100 ಮೀಟರ್ ರಿಲೇಯ ಕೊನೆಯ ಹಂತದಲ್ಲಿ ಅವರ ಕೈಗೆ ಬ್ಯಾಟನ್ ಬಂದಾಗ ಅಮೆರಿಕ ಐದನೇ ಸ್ಥಾನದಲ್ಲಿತ್ತು. ಮುಂದಿದ್ದವರೆಲ್ಲರನ್ನೂ ಹಿಂದಿಕ್ಕಿದ ಹೇಯ್ಸ್ ತಂಡಕ್ಕೆ ಚಿನ್ನವನ್ನೂ 39.0 ಸೆಕೆಂಡುಗಳ ವಿಶ್ವದಾಖಲೆಯನ್ನೂ ತಂದಿತ್ತರು. ಆಗ ಅವರ ವಯಸ್ಸು 21. ಅದರೊಂದಿಗೆ ಓಟದ ಬದುಕು ಮುಗಿದು ವೃತ್ತಿಪರ ಫುಟ್‌ಬಾಲ್ ಆರಂಭವಾಯಿತು.

1965ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಸೇರಿದ ಅವರದು ವೈಡ್ ರಿಸೀವರ್ ಸ್ಥಾನ. ಪಾಲಿಬೆಟ್ಟ, ವಿರಾಜಪೇಟೆಗಳಂತಹ ಕೊಡಗಿನ ಊರುಗಳಲ್ಲಿ ಹಾಕಿ ನೋಡಿ ಬೆಳೆದವರಿಗೆ ಮೈದಾನದ ಅಂಚಿನಗುಂಟ ಮುನ್ನುಗ್ಗುವ ವಿಂಗರ್ ಚಿರಪರಿಚಿತ. ವೈಡ್ ರಿಸೀವರ್‌ನ ಕೆಲಸ ಬಹುಮಟ್ಟಿಗೆ ಅದನ್ನೇ ಹೋಲುತ್ತದೆ. ಎದುರಾಳಿಯ ಕಾವಲನ್ನು ತಪ್ಪಿಸಿ ಓಡಿ, ಸಹ ಆಟಗಾರ ದೂರದಿಂದ ಎಸೆದ ಚೆಂಡನ್ನು ಓಟದಲ್ಲಿಯೇ ಹಿಡಿಯಬೇಕು.

ಮೊದಲ ಋತುವಿನಲ್ಲೇ ಹೇಯ್ಸ್ 46 ಎಸೆತಗಳನ್ನು ಹಿಡಿದು 1,003 ಗಜ ಗಳಿಸಿದರು. ಅವರ ವೇಗಕ್ಕೆ ಒಬ್ಬನನ್ನು ಕಾವಲಿಟ್ಟರೆ ಸಾಲದೆಂಬುದು ಎದುರಾಳಿ ತಂಡಗಳಿಗೆ ಬೇಗನೆ ಮನವರಿಕೆಯಾಯಿತು. ಆಟಗಾರನ ಬೆನ್ನು ಹತ್ತುವ ಬದಲು ಮೈದಾನದ ಭಾಗಗಳನ್ನು ಹಂಚಿಕೊಂಡು ಕಾಯುವ ವಲಯ ರಕ್ಷಣಾ ತಂತ್ರ ಬೆಳೆಯಲು ಹೇಯ್ಸ್ ಒಂದು ಮುಖ್ಯ ಕಾರಣರಾದರು. 1972ರ ಜನವರಿ 16ರಂದು ಮಯಾಮಿ ಡಾಲ್ಫಿನ್ಸ್ ತಂಡವನ್ನು 24-3ರಿಂದ ಮಣಿಸಿ ಕೌಬಾಯ್ಸ್ ಸೂಪರ್ ಬೌಲ್ ಗೆದ್ದಿತು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಪರ ಆಡಿ ಹೇಯ್ಸ್ ನಿವೃತ್ತರಾದಾಗ ಅವರ ಖಾತೆಯಲ್ಲಿ 371 ಹಿಡಿತಗಳು, 7,414 ಗಜಗಳು ಹಾಗೂ ಎಸೆತ ಹಿಡಿದು ಗಳಿಸಿದ 71 ಟಚ್‌ಡೌನ್‌ಗಳಿದ್ದವು.

1976ರಲ್ಲಿ ಅಮೆರಿಕದ ಅಥ್ಲೆಟಿಕ್ಸ್ ಹಾಲ್ ಆಫ್ ಫೇಮ್ ಅವರನ್ನು ಬರಮಾಡಿಕೊಂಡಿತು. ಆದರೆ ಆಟ ನಿಂತ ಮೇಲೆ ಬದುಕು ಹಳಿ ತಪ್ಪಿತು. ಮಾದಕ ವಸ್ತು ಮಾರಾಟ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ಹೇಯ್ಸ್‌ಗೆ 1979ರಲ್ಲಿ ಐದು ವರ್ಷಗಳ ಶಿಕ್ಷೆಯಾಯಿತು. ಹತ್ತು ತಿಂಗಳ ಸೆರೆವಾಸದ ಬಳಿಕ ಪೆರೋಲ್ ಮೇಲೆ ಹೊರಬಂದರೂ ಕಳಂಕ ಬೆನ್ನು ಬಿಡಲಿಲ್ಲ. ಮದ್ಯ ಮತ್ತು ಮಾದಕ ವ್ಯಸನದೊಂದಿಗಿನ ಹೋರಾಟ ದೀರ್ಘಕಾಲ ನಡೆಯಿತು. ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಬಾಗಿಲು ವರ್ಷಗಳು ಉರುಳಿದರೂ ತೆರೆಯಲಿಲ್ಲ.

2001ರಲ್ಲಿ ಕೌಬಾಯ್ಸ್ ತನ್ನ ಶ್ರೇಷ್ಠ ಆಟಗಾರರ ಸಾಲಿಗೆ ಅವರ ಹೆಸರನ್ನು ಸೇರಿಸಿತು. ಮರುವರ್ಷ, ಸೆಪ್ಟೆಂಬರ್ 18ರಂದು, ಮೂತ್ರಪಿಂಡ ವೈಫಲ್ಯದಿಂದ ಹುಟ್ಟೂರಿನಲ್ಲೇ ಅವರು ಕೊನೆಯುಸಿರೆಳೆದರು. ಆಗ ವಯಸ್ಸು 59. ಫುಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2009ರಲ್ಲಿ. ಅವರು ಹಿಡಿದ ಎಸೆತಗಳ ಲೆಕ್ಕ 1975ರಿಂದ ಅಷ್ಟೇ ಇತ್ತು. ಆ ಲೆಕ್ಕವನ್ನು ಅವರ ತಪ್ಪಿನಿಂದ ಬೇರ್ಪಡಿಸಿ ನೋಡಲು ಆಟದ ಹಿರಿಯರಿಗೆ ಮೂರು ದಶಕಗಳು ಹಿಡಿದವು.