ಗುರುವಿಲ್ಲದೆ ಕಲಿತ ಕುಂಬಾರ

ಮನೆಯ ಮೇಜುಗಳನ್ನೂ ನೆಲದ ಹಲಗೆಗಳನ್ನೂ ಕಿತ್ತು ಕುಲುಮೆಗೆ ಹಾಕಿದವನನ್ನು ನೀವು ಏನೆಂದು ಕರೆಯುವಿರಿ? ಫ್ರಾನ್ಸಿನ ಬರ್ನಾರ್ಡ್ ಪಾಲಿಸಿಯನ್ನು ಜನ ಹುಚ್ಚನೆಂದರು.

1510ರ ಸುಮಾರಿಗೆ ಹುಟ್ಟಿದ ಪಾಲಿಸಿ ಗಾಜಿನ ಮೇಲೆ ಚಿತ್ರ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ. ಒಂದು ದಿನ ಮೆರುಗಿನ ಬಟ್ಟಲೊಂದು ಕಣ್ಣಿಗೆ ಬಿತ್ತು. ಆ ಮೆರುಗಿನ ಗುಟ್ಟು ಕಲಿಸುವವರು ಯಾರೂ ಇರಲಿಲ್ಲ. ಸಾಲ, ಹಸಿವು, ಮನೆಯವರ ಬೈಗುಳಗಳ ನಡುವೆ ಸುಮಾರು 16 ವರ್ಷ ತಾನೇ ಪ್ರಯೋಗ ನಡೆಸಿದ. ಒಂದು ಸಲ ಸೌದೆ ಮುಗಿದಾಗ ಸುಟ್ಟದ್ದೇ ಆ ಮೇಜು, ಹಲಗೆಗಳು.

ಕೊನೆಗೆ ಬಣ್ಣಬಣ್ಣದ ಮೆರುಗು ಕೈಗೂಡಿತು. ನಿಜವಾದ ಹಾವು, ಕಪ್ಪೆ, ಮೀನು, ಚಿಪ್ಪು, ಎಲೆಗಳಿಂದಲೇ ಅಚ್ಚು ತೆಗೆದು ಆತ ತಟ್ಟೆಗಳ ಮೇಲೆ ಹೊಳೆಯ ದಡವನ್ನೇ ಮೂಡಿಸಿದ. ರಾಣಿ ಕ್ಯಾಥರೀನ್ ದ ಮೆಡಿಸಿ ಅರಮನೆಯ ಕೆಲಸಕ್ಕೆ ಕರೆಸಿಕೊಂಡಳು.

ಲ್ಯಾಟಿನ್ ಬಾರದ ಈ ಕುಂಬಾರ 1575ರಿಂದ ಪ್ಯಾರಿಸಿನಲ್ಲಿ ವಿದ್ವಾಂಸರಿಗೇ ಉಪನ್ಯಾಸ ಕೊಟ್ಟ. ಬಂಡೆಯೊಳಗಿನ ಚಿಪ್ಪುಗಳು ಒಂದು ಕಾಲದಲ್ಲಿ ಜೀವವಿದ್ದ ಪ್ರಾಣಿಗಳವೆಂದು ವಾದಿಸಿದ. ತನ್ನ ಪ್ರಾಟೆಸ್ಟಂಟ್ ನಂಬಿಕೆಯನ್ನು ಬಿಡಲೊಪ್ಪದೆ, 1590ರ ಸುಮಾರಿಗೆ ಬ್ಯಾಸ್ಟೀಲ್ ಸೆರೆಮನೆಯಲ್ಲಿ ತೀರಿಕೊಂಡ.

ಗೆಳೆಯರೇ, ಪಾಲಿಸಿಗೆ ಪಾಠಶಾಲೆ ಹೊಳೆಯ ದಡ, ಪುಸ್ತಕ ಕಪ್ಪೆಚಿಪ್ಪು. ನಿಮ್ಮೂರಿನ ಕೆರೆಯ ದಡವೂ ತೆರೆದೇ ಇದೆ. ಒಮ್ಮೆ ಬಾಗಿ ನೋಡಿ.