ಬಟಾಣಿ ತೋಟದ ಗುರು ಗ್ರೆಗರ್ ಮೆಂಡೆಲ್

ಇಂದಿನ ಜೆಕ್ ಗಣರಾಜ್ಯಕ್ಕೆ ಸೇರಿದ ಒಂದು ಪುಟ್ಟ ಹಳ್ಳಿಯಲ್ಲಿ, 1822ರ ಜುಲೈ ತಿಂಗಳಲ್ಲಿ, ಅಂತೋನ್ ಮೆಂಡೆಲ್ ಎಂಬ ರೈತನಿಗೆ ಗಂಡುಮಗು ಹುಟ್ಟಿತು. ಮಗುವಿಗೆ ಯೋಹಾನ್ ಎಂದು ಹೆಸರಿಟ್ಟರು. ಅಂತೋನ್ ವಾರದಲ್ಲಿ ಮೂರು ದಿನ ಜಮೀನ್ದಾರನಿಗಾಗಿ ಬಿಟ್ಟಿ ದುಡಿಯಬೇಕಿತ್ತು. 1838ರಲ್ಲಿ ಮರದ ದಿಮ್ಮಿ ಬಿದ್ದು ಅವರ ಎದೆಗೆ ಪೆಟ್ಟಾಯಿತು. ಶಾಲೆಯಲ್ಲಿ ಜಾಣನಾಗಿದ್ದ ಮಗನ ಓದು ನಿಲ್ಲುವಂತಾಯಿತು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ವರದಕ್ಷಿಣೆಯ ಒಂದು ಪಾಲನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಅಣ್ಣ ಈ ಋಣವನ್ನು ಮರೆಯಲಿಲ್ಲ. ಮುಂದೆ ಆಕೆಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

1843ರಲ್ಲಿ ಯೋಹಾನ್ ಬ್ರನೋ ಪಟ್ಟಣದ ಸಂತ ತೋಮಸರ ಮಠವನ್ನು ಸೇರಿದರು. ಅದು ಸಂತ ಆಗಸ್ಟೀನರ ಸಭೆಗೆ ಸೇರಿದ ಮಠ. ಅಲ್ಲಿ ಅವರಿಗೆ ಗ್ರೆಗರ್ ಎಂಬ ಹೆಸರಾಯಿತು. 1847ರಲ್ಲಿ ಗುರುದೀಕ್ಷೆ ಪಡೆದರು. ಆದರೆ ರೋಗಿಗಳ ನೋವನ್ನು ಕಂಡು ಅವರೇ ಕಾಯಿಲೆ ಬೀಳುತ್ತಿದ್ದರು. ಇದನ್ನು ಗಮನಿಸಿದ ಮಠಾಧಿಪತಿ ನಾಪ್ ಅವರನ್ನು ಶಾಲೆಯಲ್ಲಿ ಪಾಠ ಹೇಳಲು ಕಳುಹಿಸಿದರು. 1850ರಲ್ಲಿ ಶಿಕ್ಷಕರ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮೇಲೆ, 1856ರಲ್ಲಿ ಮತ್ತೆ ಬರೆಯಲು ಹೋದಾಗ ಅಸ್ವಸ್ಥರಾಗಿ ಹಿಂದಿರುಗಿದರು. ಕೊನೆಯವರೆಗೂ ಅವರು ಬದಲಿ ಶಿಕ್ಷಕರಾಗಿಯೇ ಉಳಿದರು.

ಅದೇ 1856ರಲ್ಲಿ ಮಠದ ತೋಟದ ಕಿರಿದಾದ ಪಾತಿಯಲ್ಲಿ ಬಟಾಣಿ ಬಿತ್ತಿದರು. ಎಂಟು ವರ್ಷಗಳಲ್ಲಿ ಸುಮಾರು 28,000 ಗಿಡಗಳನ್ನು ಬೆಳೆಸಿದರು. ಹೂವಿನ ಪರಾಗವನ್ನು ಕೈಯಿಂದಲೇ ಮುಟ್ಟಿಸಿ, ಗುಂಡು ಕಾಳಿನ ತಳಿಗೆ ಸುಕ್ಕು ಕಾಳಿನ ತಳಿಯನ್ನು ಕೂಡಿಸಿದರು. ಮಕ್ಕಳ ತಲೆಮಾರಿನಲ್ಲಿ ಎಲ್ಲವೂ ಗುಂಡು. ಮೊಮ್ಮಕ್ಕಳ ತಲೆಮಾರಿನಲ್ಲಿ ಸುಕ್ಕು ಮರಳಿ ಬಂತು. ಎಣಿಸಿದಾಗ 5,474 ಗುಂಡು, 1,850 ಸುಕ್ಕು, ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಮರೆಯಾದ ಗುಣ ನಾಶವಾಗಿರಲಿಲ್ಲ, ಅಡಗಿತ್ತು ಅಷ್ಟೆ. ಬಟಾಣಿಯ ಬಂಧುವಾದ ಬೀನ್ಸ್ ಗಿಡದಲ್ಲೂ ಪ್ರಯೋಗಿಸಿದರು. ಅದರ ಹೂವಿನ ಬಣ್ಣ ಮಾತ್ರ ಇಷ್ಟು ಸರಳ ಲೆಕ್ಕಕ್ಕೆ ಒಗ್ಗಲಿಲ್ಲ. ಅದನ್ನೂ ಮುಚ್ಚಿಡದೆ ಬರೆದರು.

1865ರಲ್ಲಿ ಬ್ರನೋದ ವಿಜ್ಞಾನ ಸಂಘದ ಮುಂದೆ ಇದನ್ನು ಓದಿದರು, ಮರುವರ್ಷ ಅಚ್ಚಾಯಿತು. ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ. 1868ರಲ್ಲಿ ಮಠಾಧಿಪತಿಯಾದರು. ಮಠದ ಮೇಲೆ ಸರಕಾರ ಹೇರಿದ ತೆರಿಗೆಯ ವ್ಯಾಜ್ಯದಲ್ಲಿ ಕೊನೆಯ ವರ್ಷಗಳು ಕಳೆದವು. 1884ರ ಜನವರಿ 6ರಂದು, ಮೂವರು ರಾಯರ ಹಬ್ಬದ ದಿನ, ಕಣ್ಣುಮುಚ್ಚಿದರು. ಅವರ ನಿಯಮಗಳು ಜಗತ್ತಿನ ಕಣ್ಣಿಗೆ ಬಿದ್ದದ್ದು 1900ರಲ್ಲಿ.

ಗುಣಗಳನ್ನು ಹೊತ್ತು ತರುವ ವಸ್ತು ಯಾವುದೆಂದು ಮೆಂಡೆಲರಿಗೆ ತಿಳಿದಿರಲಿಲ್ಲ. ಅವು ಜೀವಕೋಶದೊಳಗಿನ ವರ್ಣತಂತುಗಳ ಮೇಲಿವೆ ಎಂಬುದು ಆಮೇಲೆ ಗೊತ್ತಾಯಿತು. ಬಟಾಣಿಗೆ ಏಳು ಜೊತೆ ವರ್ಣತಂತುಗಳು. ಅದರ ಬಂಧುಗಳಲ್ಲಿ ಕಡಲೆಗೆ ಎಂಟು ಜೊತೆ, ನಮ್ಮ ತೊಗರಿಗೆ ಹನ್ನೊಂದು, ಯೂರೋಪಿನವರು ತಿನ್ನುವ ದಪ್ಪ ಕಾಳಿನ ಫಾಬಾ ಬೀನ್ಸ್‌ಗೆ ಆರೇ ಜೊತೆ. ಇನ್ನು ಈ ತಂತುಗಳಲ್ಲಿರುವ ಡಿ.ಎನ್.ಎ. ಬರಹವನ್ನು ಅಳೆದರೆ ಆಶ್ಚರ್ಯವಾಗುತ್ತದೆ. ಕಡಲೆಯಲ್ಲಿ ಸುಮಾರು 74 ಕೋಟಿ ಅಕ್ಷರಗಳು, ತೊಗರಿಯಲ್ಲಿ 83 ಕೋಟಿ, ಬಟಾಣಿಯಲ್ಲಿ 445 ಕೋಟಿ, ಫಾಬಾದಲ್ಲಿ 1,300 ಕೋಟಿ! ಮನುಷ್ಯನಲ್ಲಿರುವುದು ಸುಮಾರು 310 ಕೋಟಿ ಮಾತ್ರ.

ಹಾಗಾದರೆ ಕಡಲೆಗಿಂತ ಫಾಬಾ ಹದಿನೇಳು ಪಟ್ಟು ಹೆಚ್ಚು ಬಲ್ಲದೇ? ಇಲ್ಲ. ಕಡಲೆಯಲ್ಲಿ ಸುಮಾರು 28,000 ವಂಶವಾಹಿಗಳಿದ್ದರೆ ಫಾಬಾದಲ್ಲಿ ಸುಮಾರು 34,000. ಉಳಿದ ಬರಹದ ಬಹುಪಾಲು ತಮ್ಮನ್ನು ತಾವೇ ನಕಲು ಮಾಡಿಕೊಂಡು ಅಲ್ಲಲ್ಲಿ ಸೇರಿಕೊಂಡ ತುಣುಕುಗಳು. ಲಕ್ಷಾಂತರ ವರ್ಷಗಳಲ್ಲಿ ಒಂದು ಗಿಡದಲ್ಲಿ ಅವು ರಾಶಿಯಾದವು, ಅದರ ಬಂಧುವಿನಲ್ಲಿ ಅಷ್ಟಾಗಿ ಬೆಳೆಯಲಿಲ್ಲ.

ಇಂಥ ಜಿಗಿಯುವ ತುಣುಕುಗಳಲ್ಲೂ ಹಲವು ಬಗೆಗಳಿವೆ. ಮೆಂಡೆಲರ ಸುಕ್ಕು ಬಟಾಣಿಯ ಗುಟ್ಟು ಕೂಡ ಅಂಥದೇ ಒಂದು ತುಣುಕು ಎಂದು 1990ರಲ್ಲಿ ತಿಳಿಯಿತು. ಸುಮಾರು 800 ಅಕ್ಷರಗಳ ತುಣುಕೊಂದು ಪಿಷ್ಟ ತಯಾರಿಸುವ ವಂಶವಾಹಿಯೊಳಗೆ ನುಗ್ಗಿ ಅದನ್ನು ಕೆಡಿಸಿದೆ. ಪಿಷ್ಟ ಕಡಿಮೆಯಾಗಿ ಸಕ್ಕರೆ ಹೆಚ್ಚಿದ ಕಾಳು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಸುಕ್ಕಾಗುತ್ತದೆ. ಅವರು ಆರಿಸಿಕೊಂಡಿದ್ದ ಏಳು ಗುಣಗಳ ಗುಟ್ಟು ಪೂರ್ತಿ ಬಿಡಿಸಿದ್ದು 2025ರಲ್ಲಿ, ಅವರು ತೀರಿಕೊಂಡು 141 ವರ್ಷಗಳಾದ ಮೇಲೆ.

ಪ್ರಿಯ ಓದುಗರೇ, ಮೆಂಡೆಲರ ಕೈಯಲ್ಲಿ ಇದ್ದದ್ದು ಒಂದು ತುಂಡು ನೆಲ, ಮುಷ್ಟಿ ಬಟಾಣಿ ಮತ್ತು ಸರಿಯಾಗಿ ಎಣಿಸುವ ತಾಳ್ಮೆ. ಪರೀಕ್ಷೆಯಲ್ಲಿ ಸೋತ ಮಗುವನ್ನು ಕೈಬಿಡುವ ಮುನ್ನ ಅವರನ್ನು ನೆನೆಯೋಣ. ಅಣ್ಣನ ಓದಿಗಾಗಿ ತನ್ನ ಪಾಲನ್ನು ಬಿಟ್ಟುಕೊಟ್ಟ ತೆರೇಸಿಯಾಳನ್ನೂ ಮರೆಯದಿರೋಣ. ಆ ಹಣ ಕೈಸೇರದಿದ್ದರೆ ಆ ಬಟಾಣಿಗಳನ್ನು ಎಣಿಸುವವರು ಯಾರಿರುತ್ತಿದ್ದರು?